ಮಗಳಿಗೆ ಓಟದ ಹುಚ್ಚು, ಬೆಳಿಗ್ಗೆ ಮಾತ್ರ ಹೊಟ್ಟೆನೋವು

ಪ್ರಶ್ನೆ: ನಮ್ಮದು ಕಾರವಾರದ ಕೋಡಿಬಾಗ. ಮಗಳಿಗೆ 11 ವರ್ಷ, 6ನೇ ತರಗತಿ. ಆಟೋಟ ಅಂದರೆ ಮೂಲೆಗೆ ಸರಿಯುತ್ತಿದ್ದವಳು. ಆಗಸ್ಟ್‌ನಲ್ಲಿ ವಲಯ ಮಟ್ಟದ ಕ್ರೀಡಾಕೂಟದ ದಿನ 600 ಮೀಟರ್ ಓಡಬೇಕಿದ್ದ ಹುಡುಗಿಗೆ ಜ್ವರ ಬಂತು, ಪಿ.ಟಿ. ಮಾಸ್ತರು ಇವಳನ್ನು ನಿಲ್ಲಿಸಿದರು. 4ನೆಯವಳಾಗಿ ಬಂದಳು. ಮನೆಗೆ ಬಂದವಳೇ "ಆಯಿ, ಕೊನೇ ತಿರುವಿನಲ್ಲಿ ಇಬ್ಬರನ್ನು ಹಿಂದೆ ಹಾಕಿದೆ" ಅಂತ ಮಲಗುವವರೆಗೂ ಅದನ್ನೇ ಹೇಳಿದಳು. ಅವತ್ತಿನಿಂದ ಸಂಜೆಯಾದರೆ ಚಿಕ್ಕಪ್ಪನ ಮಕ್ಕಳ ಜೊತೆ ಕಡಲ ದಂಡೆಯಲ್ಲಿ ಕತ್ತಲಾಗುವ ತನಕ ಓಟ. ಮಳೆ ಕಡಿಮೆಯಾದ ಮೇಲೆ ಅವಳ ಅಪ್ಪ ದಿನಾ ಬೆಳಿಗ್ಗೆ 5:30ಕ್ಕೆ ಎಬ್ಬಿಸಿ ಬೀಚಿನಲ್ಲಿ 3 ಕಿಲೋಮೀಟರ್ ಓಡಿಸುತ್ತಾರೆ, ಮೊಬೈಲಿನಲ್ಲಿ ಟೈಮ್ ಹಿಡಿದು ಬರೆದಿಡುತ್ತಾರೆ. ಒಂದು ದಿನ ಚೆನ್ನಾಗಿ ಓಡುತ್ತಾಳೆ, ಮತ್ತೊಂದು ದಿನ ತೀರಾ ನಿಧಾನ. ಈಗೀಗ ಎದ್ದ ಕೂಡಲೇ ಹೊಟ್ಟೆನೋವು ಅನ್ನುತ್ತಾಳೆ, ಸಂಜೆ ಏನೂ ಇರುವುದಿಲ್ಲ. ಹಿಮ್ಮಡಿ ನೋವು ಅಂತಲೂ ಒಂದೆರಡು ಸಲ ಹೇಳಿದಳು. ಆಸಕ್ತಿ ಹೋಯಿತಾ? ಒಳ್ಳೆ ಶೂ ಕೊಡಿಸಬೇಕಾ? ಕ್ರೀಡಾ ಹಾಸ್ಟೆಲ್‌ಗೆ ಹಾಕಿ ಅನ್ನುವವರಿದ್ದಾರೆ. ನಮ್ಮ ಅತ್ತೆಯವರು ಹೆಣ್ಣುಮಗು, ಓದಿಕೊಂಡಿರಲಿ ಅನ್ನುತ್ತಾರೆ. ಏನು ಮಾಡಲಿ?

ಉತ್ತರ:

ಆಸಕ್ತಿ ಎಲ್ಲೂ ಹೋಗಿಲ್ಲ. ಸಂಜೆ ಕತ್ತಲಾಗುವ ತನಕ ಓಡುವ ಮಗುವಿಗೆ ಆಸಕ್ತಿ ಹೋಗಿದೆ ಅನ್ನಲಿಕ್ಕೆ ಆಗುತ್ತದಾ? ಬೆಳಗಿನ ಓಟ ಅವಳಿಗೆ ಹಿಡಿಸಿಲ್ಲ, ಅಷ್ಟೇ. ಈ ಎರಡು ಓಟಕ್ಕೂ ಇರುವ ವ್ಯತ್ಯಾಸ ಗೊತ್ತಾದರೆ ನಿಮ್ಮ ಅರ್ಧ ಪ್ರಶ್ನೆ ಅಲ್ಲೇ ಮುಗಿಯುತ್ತದೆ.

ಅವಳು ಮನೆಗೆ ಬಂದು ಹೇಳಿದ ಮಾತನ್ನೇ ನೋಡಿ. "ಓಡಿದೆ" ಅನ್ನಲಿಲ್ಲ, "4ನೆಯವಳಾದೆ" ಅಂತಲೂ ಅನ್ನಲಿಲ್ಲ. "ಇಬ್ಬರನ್ನು ಹಿಂದೆ ಹಾಕಿದೆ" ಅಂದಳು. ಅವಳಿಗೆ ರುಚಿ ಹತ್ತಿದ್ದು ಪಂದ್ಯದ್ದು. ಮುಂದೆ ಒಬ್ಬಳ ಬೆನ್ನು ಕಾಣಬೇಕು, ಹಿಂದೆ ಒಬ್ಬಳ ಉಸಿರು ಕೇಳಬೇಕು. ಓಟ ಇಷ್ಟಪಡುವ ಮಕ್ಕಳಲ್ಲಿ ಎರಡು ಜಾತಿ. ಕೆಲವರಿಗೆ ಒಬ್ಬರೇ ದೂರ ದೂರ ಓಡುವುದೇ ಖುಷಿ, ಅವರಿಗೆ ಜೊತೆಯೂ ಬೇಡ, ಟೈಮೂ ಬೇಡ. ಇನ್ನು ಕೆಲವರಿಗೆ ಪಕ್ಕದಲ್ಲಿ ಇನ್ನೊಬ್ಬರು ಇಲ್ಲದಿದ್ದರೆ ಕಾಲೇ ಏಳುವುದಿಲ್ಲ. ನಿಮ್ಮ ಮಗಳು ಎರಡನೇ ಪೈಕಿ. ಸಂಜೆ ಚಿಕ್ಕಪ್ಪನ ಮಕ್ಕಳು ಇರುತ್ತಾರೆ. ಬೆಳಿಗ್ಗೆ ಅಪ್ಪ ಮತ್ತು ಮೊಬೈಲು. ಆ ಪಂದ್ಯದಲ್ಲಿ ಅವಳ ಎದುರಾಳಿ ನಿನ್ನೆಯ ಟೈಮು. ಅದನ್ನು ದಿನಾ ಸೋಲಿಸಲಿಕ್ಕೆ ಯಾರಿಂದಲೂ ಆಗದು, ಒಲಿಂಪಿಕ್ಸ್‌ಗೆ ಹೋದವರಿಂದಲೂ ಆಗದು.

ಹಾಗಾಗಿ ಮೊದಲ ಮಾತು, ಬೆಳಗಿನ 3 ಕಿಲೋಮೀಟರ್ ನಿಲ್ಲಿಸಿ. ನಾಳೆಯಿಂದಲೇ. ಮಗು ಹೆಚ್ಚು ಹೊತ್ತು ಮಲಗಲಿ. ಈ ವಯಸ್ಸಿಗೆ ರಾತ್ರಿ 9 ಗಂಟೆಗೂ ಜಾಸ್ತಿ ನಿದ್ದೆ ಬೇಕು, 5:30ಕ್ಕೆ ಎದ್ದರೆ ಅದು ಸಿಗುವುದು ಕಷ್ಟ.

ಅವಳ ಅಪ್ಪನಿಗೆ ಬೇಜಾರಾಗುತ್ತದೆ, ಗೊತ್ತು. ಮಗಳಿಗಾಗಿ ನಸುಕಿನಲ್ಲಿ ಏಳುವ ಅಪ್ಪಂದಿರು ಎಷ್ಟು ಜನ ಸಿಗುತ್ತಾರೆ ಹೇಳಿ. ಅವರ ಪುಸ್ತಕದಲ್ಲಿ ಟೈಮ್ ಯಾಕೆ ಹಾಗೆ ಏರುಪೇರಾಗಿದೆ ಅನ್ನುವುದನ್ನು ಅವರಿಗೆ ವಿವರಿಸುತ್ತೇನೆ, ಆಗ ಅವರಿಗೂ ಸಮಾಧಾನ ಆದೀತು.

ಕಡಲ ದಂಡೆ ಟ್ರ್ಯಾಕ್ ಅಲ್ಲ. ಇಳಿತದ ಹೊತ್ತಿಗೆ ನೀರು ಹಿಂದೆ ಸರಿದು ಒದ್ದೆ ಮರಳು ಗಟ್ಟಿಯಾಗಿ, ಸಪಾಟಾಗಿ ಸಿಗುತ್ತದೆ. ಉಬ್ಬರದ ಹೊತ್ತಿಗೆ ಆ ಗಟ್ಟಿ ಮರಳೆಲ್ಲ ನೀರಿನಡಿ ಹೋಗಿ, ನಿಮಗೆ ಉಳಿಯುವುದು ಮೇಲಿನ ಸಡಿಲ ಮರಳು ಮಾತ್ರ. ಸಡಿಲ ಮರಳಿನಲ್ಲಿ ಓಡಲಿಕ್ಕೆ ಗಟ್ಟಿ ನೆಲಕ್ಕಿಂತ ಸುಮಾರು 1.6 ಪಟ್ಟು ಶಕ್ತಿ ಬೇಕು ಅಂತ ಅಳೆದು ನೋಡಿದವರಿದ್ದಾರೆ. ಇನ್ನು ಉಬ್ಬರ ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಅಂದರೆ ಇವತ್ತು ಬೆಳಿಗ್ಗೆ 5:30ಕ್ಕೆ ಇಳಿತ ಇದ್ದರೆ, ಒಂದು ವಾರ ಬಿಟ್ಟು ಅದೇ 5:30ಕ್ಕೆ ಹೆಚ್ಚುಕಮ್ಮಿ ಪೂರ್ತಿ ಉಬ್ಬರ. ಅದಾದ ಇನ್ನೊಂದು ವಾರಕ್ಕೆ ಮತ್ತೆ ಇಳಿತ. ಗಡಿಯಾರ ಅದೇ, ಹುಡುಗಿ ಅವಳೇ, ಕಾಲಡಿಯ ನೆಲ ಮಾತ್ರ ಬೇರೆ. ಬೈತಖೋಲ ಬಂದರಿನಲ್ಲಿ ದೋಣಿ ಇಳಿಸುವ ಯಾರನ್ನು ಕೇಳಿದರೂ ಇದನ್ನು ಹೇಳುತ್ತಿದ್ದರು. ನಿಮ್ಮ ಯಜಮಾನರು ಆ ಪುಸ್ತಕದ ತಾರೀಕುಗಳನ್ನು ಪಂಚಾಂಗದ ತಿಥಿಗಳ ಪಕ್ಕ ಇಟ್ಟು ನೋಡಲಿ, ಉಬ್ಬರ ಇಳಿತ ನಡೆಯುವುದು ಚಂದ್ರನ ಲೆಕ್ಕದಲ್ಲಿ. ಮಗಳು "ನಿಧಾನ" ಆದ ದಿನಗಳಲ್ಲಿ ಜಾಸ್ತಿ ಪಾಲು ಸಮುದ್ರದ್ದೇ ಇರುತ್ತದೆ ಅಂತ ನನ್ನ ಅಂದಾಜು. ಮಗು ಮಾತ್ರ ಅದನ್ನು ತನ್ನ ತಪ್ಪು ಅಂದುಕೊಂಡು ಮುಖ ಸಣ್ಣ ಮಾಡಿಕೊಂಡು ಶಾಲೆಗೆ ಹೋಗಿದೆ.

ಹೊಟ್ಟೆನೋವು ಎಲ್ಲಿಂದ ಬಂತು ಅಂತ ಈಗ ಗೊತ್ತಾಯಿತು ಅಲ್ವಾ? ಅವಳು ಸುಳ್ಳು ಹೇಳುತ್ತಿಲ್ಲ. ಹೆದರಿಕೆಯಾದರೆ ಮಕ್ಕಳಿಗೆ ನಿಜವಾಗಿಯೂ ಹೊಟ್ಟೆ ನೋಯುತ್ತದೆ. ಬೆಳಗಿನ ಓಟ ನಿಲ್ಲಿಸಿ ಎರಡು ವಾರ ನೋಡಿ. ಆಮೇಲೂ ಇದ್ದರೆ ಡಾಕ್ಟರಿಗೆ ತೋರಿಸಿ. ಮಲಬದ್ಧತೆ, ಜಂತುಹುಳ ಇವನ್ನೂ ನೋಡಬೇಕಾಗುತ್ತದೆ. ಜಂತುಹುಳದ ಮಾತ್ರೆಯನ್ನು ಶಾಲೆಯಲ್ಲೇ ಕೊಡುತ್ತಾರೆ, ಅವತ್ತು ರಜೆ ಹಾಕಿದ್ದಳಾ ಕೇಳಿ ನೋಡಿ. ಹೋದಾಗ ಹಿಮೋಗ್ಲೋಬಿನ್ ಕೂಡ ಪರೀಕ್ಷೆ ಮಾಡಿಸಿಬಿಡಿ. 5ರಿಂದ 11 ವರ್ಷದ ಮಕ್ಕಳಿಗೆ ಅದು 11.5ಕ್ಕಿಂತ ಕೆಳಗಿದ್ದರೆ ರಕ್ತಹೀನತೆ ಅಂತ ಲೆಕ್ಕ, 12 ತುಂಬಿದ ಮೇಲೆ 12. ಓಡುವ ಹುಡುಗಿಯರಲ್ಲಿ ಸುಸ್ತಿಗೆ ಇದು ತುಂಬಾ ಸಾಮಾನ್ಯವಾದ ಕಾರಣ, ತುಂಬಾ ಮನೆಗಳಲ್ಲಿ ಯಾರೂ ನೋಡದೆ ಬಿಡುವ ಕಾರಣ ಕೂಡ.

ಇನ್ನು ಸಂಜೆಯ ಓಟ. ಅದನ್ನು ನೀವು "ಸುಮ್ನೆ ಆಟ" ಅಂದುಕೊಂಡಿದ್ದೀರಿ, ನಾನು ಅದನ್ನೇ ತರಬೇತಿ ಅನ್ನುತ್ತೇನೆ. ಮಕ್ಕಳ ಮೈ ದೊಡ್ಡವರ ಮೈಯ ಚಿಕ್ಕ ನಕಲು ಅಲ್ಲ. ಉಸಿರು ಕಟ್ಟಿ, ಕಾಲು ಕಲ್ಲಾಗುವ ತನಕ ಓಡಲಿಕ್ಕೆ ಬೇಕಾದ ಸ್ನಾಯು ವ್ಯವಸ್ಥೆ ಪ್ರೌಢ ವಯಸ್ಸಿಗೆ ಬರುವ ಮೊದಲು ಪೂರ್ತಿ ಬೆಳೆದಿರುವುದಿಲ್ಲ. ಅದನ್ನು ಈಗಲೇ ತಿದ್ದಿ ತೀಡಲಿಕ್ಕೆ ಹೋದರೆ ಲಾಭ ಕಡಿಮೆ, ದಣಿವು ಜಾಸ್ತಿ. ಆದರೆ ಹತ್ತು ಸೆಕೆಂಡ್ ಜೋರಾಗಿ ಓಡಿ, ನಿಂತು, ನಕ್ಕು, ಮತ್ತೆ ಓಡುವುದರಲ್ಲಿ ಮಕ್ಕಳನ್ನು ಮೀರಿಸಿದವರಿಲ್ಲ. ನಾವು ಕೂತು ಏದುಸಿರು ಬಿಡುವ ಹೊತ್ತಿಗೆ ಅವರು ಮುಂದಿನ ಆಟ ಶುರು ಮಾಡಿರುತ್ತಾರೆ. ಚಿಕ್ಕಪ್ಪನ ಮಕ್ಕಳ ಜೊತೆ ಅವಳು ದಿನಾ ಮಾಡುತ್ತಿರುವುದು ಅದನ್ನೇ.

ಅದಕ್ಕೆ ಸ್ವಲ್ಪ ಆಕಾರ ಕೊಟ್ಟರೆ ಸಾಕು. ಒಂದು ಆಟ ಹೇಳುತ್ತೇನೆ, ನಾನು ಎಲ್ಲಾ ಊರಿನ ಮಕ್ಕಳಿಗೂ ಆಡಿಸುವುದು ಇದನ್ನೇ. ಟಾಗೋರ್ ಕಡಲತೀರದಲ್ಲಿ ಚಪಲ್ ಯುದ್ಧನೌಕೆ ಇಟ್ಟಿದ್ದಾರಲ್ಲ, ಅಲ್ಲಿಂದ ಕೆಳಗಿಳಿದು ಒದ್ದೆ ಮರಳಿನ ಮೇಲೆ ಒಂದು ಗೆರೆ ಎಳೆಯಿರಿ. ಎಲ್ಲಾ ಮಕ್ಕಳೂ ಗೆರೆ ಮೇಲೆ ನಿಲ್ಲಲಿ, ದೊಡ್ಡವರು ಚಿಕ್ಕವರು ಎಲ್ಲಾ. ಅಪ್ಪನ ಕೈಯಲ್ಲಿ ಸೀಟಿ. ಸೀಟಿ ಹೊಡೆದ ಕೂಡಲೇ ಎಲ್ಲರೂ ಕಾಳಿ ನದಿ ಕಡೆಗೆ ತಮ್ಮ ತಮ್ಮ ವೇಗದಲ್ಲಿ ಓಡುತ್ತಾರೆ. ಎರಡು ನಿಮಿಷಕ್ಕೆ ಮತ್ತೆ ಸೀಟಿ. ಎಲ್ಲಿದ್ದಾರೋ ಅಲ್ಲೇ ತಿರುಗಿ, ಹೊರಟ ಗೆರೆಗೆ ಓಡಿ ಬರಬೇಕು, ಮೊದಲು ಬಂದವರು ಗೆದ್ದರು. ಇದರ ಮಜಾ ಏನು ಅಂದರೆ, ಜೋರಾಗಿ ಹೋದವರು ಜಾಸ್ತಿ ದೂರ ಹೋಗಿರುತ್ತಾರೆ, ಅವರಿಗೆ ವಾಪಸ್ ಬರುವ ದಾರಿಯೂ ಉದ್ದ. ಹೋಗುವಾಗಿನ ವೇಗವನ್ನೇ ಎಲ್ಲರೂ ಉಳಿಸಿಕೊಂಡರೆ ಎಲ್ಲರೂ ಒಟ್ಟಿಗೆ ಗೆರೆ ಮುಟ್ಟುತ್ತಾರೆ. 8 ವರ್ಷದ ತಮ್ಮನೂ 14ರ ಅಣ್ಣನನ್ನು ಸೋಲಿಸಬಹುದು. ಹೋಗುವಾಗ ಮೈಮರೆತು ಓಡಿದವನು ಬರುವಾಗ ಅನುಭವಿಸುತ್ತಾನೆ. ಕೊನೆಯ 50 ಮೀಟರ್‌ನಲ್ಲಿ ಎಲ್ಲರೂ ಒಂದೇ ಸಾಲಿನಲ್ಲಿ ಕೂಗಾಡಿಕೊಂಡು ಬರುವುದನ್ನು ನೋಡಿ, ನಿಮ್ಮ ಮಗಳ ಮುಖ ಹೇಗಿರುತ್ತದೆ ನೋಡಿ. ಇಂಥದ್ದು ನಾಲ್ಕು ಸಲ ಆಡಿಸಿದರೆ ಅವತ್ತಿಗೆ ಮುಗಿಯಿತು.

ಈ ಆಟಕ್ಕೆ ಇನ್ನೊಂದು ಉಪಯೋಗ ಉಂಟು. ದಂಡೆ ಸಮುದ್ರದ ಕಡೆಗೆ ಇಳಿಜಾರಾಗಿರುತ್ತದೆ. ಒಂದೇ ಕಡೆಗೆ ಓಡುತ್ತಾ ಇದ್ದರೆ ಒಂದು ಕಾಲು ಯಾವಾಗಲೂ ತಗ್ಗಿನಲ್ಲಿ, ಇನ್ನೊಂದು ಎತ್ತರದಲ್ಲಿ. ಸೊಂಟ, ಮೊಣಕಾಲಿಗೆ ಅದು ಒಳ್ಳೆಯದಲ್ಲ. ಕಾಳಿ ಕಡೆ ಹೋಗುವಾಗ ಸಮುದ್ರ ಎಡಗೈಗೆ, ಬರುವಾಗ ಬಲಗೈಗೆ. ಎರಡೂ ಕಾಲಿಗೆ ಪಾಲು ಸಮ. ಓಡುವ ಮೊದಲು ದೊಡ್ಡವರು ಯಾರಾದರೂ ಒಮ್ಮೆ ನಡೆದು ನೋಡಿ ಬನ್ನಿ. ಗಾಜು, ಮೀನಿನ ಗಾಳ, ಬಲೆ ಎಳೆದ ಜಾಗದಲ್ಲಿ ಬಿಟ್ಟುಹೋದ ಮೀನಿನ ಮುಳ್ಳು, ತೇಲಿ ಬಂದ ಅಂಬಲಿ ಮೀನು ಇವೆಲ್ಲ ಇರುತ್ತವೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಮಾತ್ರ ಮಕ್ಕಳನ್ನು ದಂಡೆಗೆ ಬಿಡಲೇಬೇಡಿ, ಆಗಿನ ಅಲೆಗಳು ಯಾವ ಕ್ಷಣಕ್ಕೆ ಎಲ್ಲಿಗೆ ಬರುತ್ತವೆ ಅಂತ ಹೇಳಲಿಕ್ಕೆ ಬರುವುದಿಲ್ಲ.

ಮರಳಿನಲ್ಲಿ ಓಡಿ ಯಾರು ಉದ್ಧಾರ ಆಗಿದ್ದಾರೆ ಅಂತ ಯಾರಾದರೂ ಕೇಳಿದರೆ ಪಿ.ಟಿ. ಉಷಾ ಹೆಸರು ಹೇಳಿ. ಪಯ್ಯೋಳಿಯ ಕಡಲ ದಂಡೆಯಲ್ಲಿ ಓಡಿ ಬೆಳೆದವರು. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನ 400 ಮೀಟರ್ ಹರ್ಡಲ್ಸ್‌ನಲ್ಲಿ ಸೆಕೆಂಡಿನ 100ರಲ್ಲಿ 1 ಭಾಗದಿಂದ ಕಂಚು ತಪ್ಪಿತು.

ಈಗ ಅವಳ 600 ಮೀಟರ್‌ಗೆ ಬರುತ್ತೇನೆ, ನನಗೆ ಕುತೂಹಲ ಇರುವುದು ಅದರಲ್ಲೇ. ನಮ್ಮ ಕಡೆ ಶಾಲೆ ಮೈದಾನದಲ್ಲಿ ಸುಣ್ಣದ ಪುಡಿ ಹಾಕಿ ಮಾಡುವುದು ಸಾಮಾನ್ಯವಾಗಿ 200 ಮೀಟರ್ ಟ್ರ್ಯಾಕ್. ಅಂದರೆ 3 ಸುತ್ತು. ಅಭ್ಯಾಸ ಇಲ್ಲದ ಮಕ್ಕಳು ಮೊದಲ ಸುತ್ತನ್ನು 100 ಮೀಟರ್ ಪಂದ್ಯದ ಹಾಗೆ ಓಡುತ್ತಾರೆ. ಎರಡನೇ ಸುತ್ತಿನಲ್ಲಿ ಬಾಯಿ ತೆರೆಯುತ್ತದೆ, ಮೂರನೆಯದರಲ್ಲಿ ಕೈ ಕಾಲು ಎಲ್ಲಾ ಬೇರೆ ಬೇರೆ ದಿಕ್ಕಿಗೆ. ನಿಮ್ಮ ಮಗಳಿಗೆ ಪಂದ್ಯದ ತಯಾರಿ ಇರಲಿಲ್ಲ, ಬಹುಶಃ ಹೆದರಿಕೊಂಡು ಹಿಂದೆಯೇ ಉಳಿದಳು. ಅದೇ ಅವಳನ್ನು ಕಾಪಾಡಿತು. ಕೊನೆಗೆ ತಾನು ಜೋರಾದೆ ಅಂತ ಅವಳಿಗೆ ಅನಿಸಿದೆ. ನನ್ನ ಅಂದಾಜಿನಲ್ಲಿ ಅವಳು ಅದೇ ವೇಗದಲ್ಲೇ ಇದ್ದಳು, ಉಳಿದವರು ನಿಧಾನ ಆದರು.

ಇದನ್ನು ಕೇಳಿ ಅವಳಿಗೆ ಬೇಜಾರಾದರೆ 1972ರ ಮ್ಯೂನಿಕ್ ಒಲಿಂಪಿಕ್ಸ್‌ನ 800 ಮೀಟರ್ ಫೈನಲ್ ವಿಡಿಯೋ ತೋರಿಸಿ. ಅಮೆರಿಕದ ಡೇವ್ ವಾಟಲ್, ತಲೆ ಮೇಲೆ ಟೋಪಿ ಹಾಕಿಕೊಂಡು ಓಡಿದವನು. ಶುರುವಿನಲ್ಲಿ ಎಲ್ಲರಿಗಿಂತ ಕೊನೆಗೆ, ಬಹಳ ಹಿಂದೆ. ಮುಗಿಯುವ ಹೊತ್ತಿಗೆ ಒಬ್ಬೊಬ್ಬರನ್ನೇ ದಾಟಿ 0.03 ಸೆಕೆಂಡಿನಿಂದ ಚಿನ್ನ ಗೆದ್ದ. ನೋಡುವವರಿಗೆ ಕೊನೆಯಲ್ಲಿ ರಾಕೆಟ್ ಹಾರಿದ ಹಾಗೆ ಕಾಣುತ್ತದೆ. 200 ಮೀಟರ್‌ಗಳ ಟೈಮ್ ತೆಗೆದು ನೋಡಿದರೆ ನಾಲ್ಕೂ ಹೆಚ್ಚುಕಮ್ಮಿ ಒಂದೇ! ಮಕ್ಕಳಿಗೆ ಈ ವಿಡಿಯೋ ತುಂಬಾ ಇಷ್ಟ ಆಗುತ್ತದೆ, ಮಾರನೇ ದಿನ ಎಲ್ಲರೂ ಟೋಪಿ ಹಾಕಿಕೊಂಡು ಬರುತ್ತಾರೆ.

ಆ ಸಮವೇಗ ಕಲಿಸಲಿಕ್ಕೆ ನಿಮ್ಮ ಯಜಮಾನರ ಮೊಬೈಲು ಬೇಕು. ಮಾಲಾದೇವಿ ಮೈದಾನಕ್ಕೆ ಕರೆದುಕೊಂಡು ಹೋಗಿ, 200 ಮೀಟರ್ ಗುರುತು ಮಾಡಿ. ಅವಳು ಒಂದು ಸುತ್ತು ಓಡಿ ಬಂದು ಎಷ್ಟು ಸೆಕೆಂಡ್ ಆಯಿತು ಅಂತ ತಾನೇ ಹೇಳಬೇಕು. ಆಮೇಲೆ ಮೊಬೈಲ್ ತೋರಿಸಿ. ಜೊತೆಗೆ ಇನ್ನಿಬ್ಬರು ಮಕ್ಕಳಿದ್ದರೆ ಯಾರ ಅಂದಾಜು ಹತ್ತಿರವೋ ಅವರು ಗೆದ್ದರು. ಜೋರಾಗಿ ಓಡಿದವರಿಗೆ ಇಲ್ಲಿ ಬಹುಮಾನ ಇಲ್ಲ. ಕೆಲವು ವಾರದಲ್ಲಿ ಅವಳ ಮೈಯಲ್ಲೇ ಗಡಿಯಾರ ಕೂತುಬಿಡುತ್ತದೆ. ಅಪ್ಪನಿಗೂ ಟೈಮ್ ನೋಡುವ ಆಸೆ ತೀರುತ್ತದೆ.

ಇನ್ನೊಂದು ಸೂಕ್ಷ್ಮ. "ಕೊನೇ ತಿರುವಿನಲ್ಲಿ" ದಾಟಿದೆ ಅಂದಳಲ್ಲ? ತಿರುವಿನಲ್ಲಿ ದಾಟಬೇಕಾದರೆ ಹೊರಗಿನಿಂದ ಸುತ್ತಬೇಕು. ಟ್ರ್ಯಾಕಿನ ಒಂದು ಲೇನ್, ಅಂದರೆ ಒಬ್ಬರು ಓಡುವ ಪಟ್ಟಿಯ ಅಗಲ 1.22 ಮೀಟರ್. ಒಂದು ಲೇನ್ ಹೊರಗೆ ಓಡಿದರೆ ಒಂದು ತಿರುವಿಗೆ ಹೆಚ್ಚುಕಮ್ಮಿ 4 ಮೀಟರ್ ಜಾಸ್ತಿ ಓಡಿದ ಹಾಗಾಯಿತು. ಟ್ರ್ಯಾಕ್ 200 ಮೀಟರ್‌ನದಾಗಲಿ 400 ಮೀಟರ್‌ನದಾಗಲಿ, ಲೆಕ್ಕ ಒಂದೇ. ತಿರುವಿನಲ್ಲಿ ಮುಂದಿನವಳ ಹಿಂದೆಯೇ ಕಾದಿದ್ದು, ನೇರ ದಾರಿ ಸಿಕ್ಕ ಕೂಡಲೇ ದಾಟಿದ್ದರೆ ಆ 4 ಮೀಟರ್ ಉಳಿಯುತ್ತಿತ್ತು. 3ನೇ ಸ್ಥಾನ ಎಷ್ಟು ದೂರದಲ್ಲಿತ್ತು ಅಂತ ಅವಳನ್ನು ಕೇಳಿ. ಪಂದ್ಯದ ರುಚಿ ಹತ್ತಿದ ಮಗುವಿಗೆ ಇಂಥ ಲೆಕ್ಕ ಹೇಳಿಕೊಟ್ಟರೆ ರಾತ್ರಿ ಊಟ ಮಾಡುವಾಗಲೂ ಬೆರಳಲ್ಲಿ ತಟ್ಟೆಯ ಸುತ್ತ ಟ್ರ್ಯಾಕ್ ಎಳೆಯುತ್ತಾ ಕೂರುತ್ತದೆ.

ಒಟ್ಟು ಎಷ್ಟು ಓಡಬೇಕು? ವಾರಕ್ಕೆ ಮೂರ್ನಾಲ್ಕು ಸಂಜೆ, ಮುಕ್ಕಾಲು ಗಂಟೆಯಷ್ಟು. ಉಳಿದ ದಿನ ಖೋ ಖೋ, ಕಬಡ್ಡಿ, ಲಗೋರಿ, ಸೈಕಲ್, ಏನಾದರೂ. ಖೋ ಖೋ ಆಡಿದ ಮಕ್ಕಳಿಗೆ ತಟ್ಟನೆ ಏಳುವುದು, ತಟ್ಟನೆ ತಿರುಗುವುದು ತಾನಾಗಿ ಬರುತ್ತದೆ. ವಾರದಲ್ಲಿ ಒಂದು ದಿನ ಏನೂ ಬೇಡ. ಮಕ್ಕಳ ವೈದ್ಯರು ಹೇಳುವ ಒಂದು ಅಂದಾಜು ಇದೆ, ಮಗುವಿಗೆ ಎಷ್ಟು ವರ್ಷವೋ ವಾರಕ್ಕೆ ಅಷ್ಟು ಗಂಟೆಗಿಂತ ಜಾಸ್ತಿ ಕ್ರೀಡಾ ತರಬೇತಿ ಬೇಡ ಅಂತ. ಅದು ಮೇಲಿನ ಮಿತಿ, ಅಲ್ಲಿಗೆ ಮುಟ್ಟಲೇಬೇಕು ಅಂತ ಇಲ್ಲ. ಒಂದೇ ಆಟಕ್ಕೆ ಅಂಟಿಕೊಳ್ಳುವುದನ್ನು 15ರ ತನಕ ಮುಂದೂಡಿ ಅಂತಲೂ ಅವರೇ ಹೇಳುತ್ತಾರೆ. ನಮ್ಮ ಅಥ್ಲೆಟಿಕ್ಸ್ ಫೆಡರೇಶನ್ ನಡೆಸುವ ರಾಷ್ಟ್ರೀಯ ಅಂತರ ಜಿಲ್ಲಾ ಕಿರಿಯರ ಕೂಟದಲ್ಲಿ 14ರ ಒಳಗಿನವರಿಗೆ ಟ್ರಯಥ್ಲಾನ್, ಅಂದರೆ ಮೂರು ಸ್ಪರ್ಧೆ ಸೇರಿಸಿದ ಒಂದು ಪಂದ್ಯ, ಇಟ್ಟಿರುವುದು ಅದಕ್ಕೇ. 60 ಮೀಟರ್ ಓಟ, ಉದ್ದ ಜಿಗಿತ, ಅದರ ಜೊತೆ ಎತ್ತರ ಜಿಗಿತವೋ ಗುಂಡು ಎಸೆತವೋ 600 ಮೀಟರ್ ಓಟವೋ ಮೂರನೆಯದು. ಓಟಗಾರ್ತಿಯಾದರೂ ಜಿಗಿಯಲೇಬೇಕು.

ಹಿಮ್ಮಡಿ ನೋವನ್ನು ನೀವು ಒಂದೇ ಸಾಲಿನಲ್ಲಿ ಹೇಳಿ ಮುಗಿಸಿದ್ದೀರಿ, ಅದನ್ನು ಸ್ವಲ್ಪ ಗಮನಿಸಿ. ಹುಡುಗಿಯರು ಜೋರಾಗಿ ಉದ್ದ ಬೆಳೆಯುವುದು 11, 12ರ ಹೊತ್ತಿಗೆ. ಹುಡುಗರು ಇನ್ನೆರಡು ವರ್ಷ ತಡ. ಆಗ ಮೂಳೆ ಬೆಳೆಯುವ ಜಾಗಗಳು ಇನ್ನೂ ಮೆತ್ತಗಿರುತ್ತವೆ, ಮೀನಖಂಡದ ಸ್ನಾಯು ಹಿಮ್ಮಡಿಯ ಆ ಜಾಗವನ್ನು ಹಿಡಿದೆಳೆಯುತ್ತದೆ. ಹಿಮ್ಮಡಿಯನ್ನು ಎರಡೂ ಬದಿಯಿಂದ ಬೆರಳಲ್ಲಿ ಒತ್ತಿ ನೋಡಿ. ಒತ್ತಿದಾಗ ನೋವಾದರೆ ಬಹುತೇಕ ಅದೇ. ವೈದ್ಯರು ಸೀವರ್ಸ್ ಅನ್ನುತ್ತಾರೆ. ಮೊಣಕಾಲ ಚಿಪ್ಪಿನ ಕೆಳಗೆ ಗಂಟಿನಂತೆ ಊದಿ ನೋಯುವುದು ಇದರ ಅಣ್ಣ, ಓಸ್‌ಗುಡ್ ಶ್ಲಾಟರ್. ಎರಡೂ ಹೆದರುವ ಕಾಯಿಲೆ ಅಲ್ಲ, ಬೆಳವಣಿಗೆ ಮುಗಿದ ಮೇಲೆ ಹೋಗುತ್ತವೆ. ನೋವಿದ್ದ ದಿನ ಓಟ, ಜಿಗಿತ ಬಿಡಿಸಿ, ಬಟ್ಟೆಯಲ್ಲಿ ಐಸ್ ಸುತ್ತಿ ಹತ್ತು ನಿಮಿಷ ಇಡಿ, ಸಡಿಲ ಮರಳಿನಿಂದ ದೂರ ಇಡಿ, ಯಾಕೆಂದರೆ ಅಲ್ಲಿ ಹಿಮ್ಮಡಿ ಕೆಳಗೆ ಹೂತು ಸ್ನಾಯು ಇನ್ನೂ ಎಳೆಯುತ್ತದೆ. ಆದರೆ ಕುಂಟುತ್ತಿದ್ದರೆ, ರಾತ್ರಿ ನೋವಿಗೆ ಎಚ್ಚರ ಆಗುತ್ತಿದ್ದರೆ, ಊತ ಇದ್ದರೆ, ಮೂಳೆಯ ಮೇಲೆ ಒಂದೇ ಚುಕ್ಕಿಯಲ್ಲಿ ನೋಯುತ್ತಿದ್ದರೆ ಕಾಯಬೇಡಿ, ಮೂಳೆ ವೈದ್ಯರಿಗೆ ತೋರಿಸಿ. ನೋವಿನ ಮಾತ್ರೆ ನುಂಗಿಸಿ ಮೈದಾನಕ್ಕೆ ಇಳಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಇದೇ ಬೆಳವಣಿಗೆಯ ಇನ್ನೊಂದು ಮುಖ ನಿಮಗೆ ಈಗಲೇ ಗೊತ್ತಿರಲಿ. ಈ ವಯಸ್ಸಿನ ಪಂದ್ಯದಲ್ಲಿ ಬೇಗ ಬೆಳೆದವರು ಗೆಲ್ಲುತ್ತಾರೆ. ಒಂದೇ ತರಗತಿಯಲ್ಲಿ ಒಬ್ಬಳು ಅಮ್ಮನಷ್ಟು ಎತ್ತರ, ಇನ್ನೊಬ್ಬಳು ಅವಳ ಭುಜಕ್ಕೆ ಬರುತ್ತಾಳೆ. 16ಕ್ಕೆ ಬಂದಾಗ ಸಾಲು ಬೇರೆಯೇ ಆಗಿರುತ್ತದೆ. ಅದೂ ಸಾಲದು ಅಂತ ವಯಸ್ಸು ಕಡಿಮೆ ತೋರಿಸಿ ಓಡಿಸುವವರೂ ಇದ್ದಾರೆ. ಮೇಲಿನ ಮಟ್ಟದ ಕೂಟಗಳಲ್ಲಿ ಮೂಳೆಯ ಎಕ್ಸ್‌ರೇ ತೆಗೆದು ವಯಸ್ಸು ನೋಡುತ್ತಾರೆ, ವಲಯ ಮಟ್ಟದಲ್ಲಿ ಯಾರು ನೋಡುತ್ತಾರೆ? ಹಾಗಾಗಿ ಈಗಿನ ಸ್ಥಾನ ನೋಡಿ ಹಿಗ್ಗುವುದೂ ಬೇಡ, ಕುಗ್ಗುವುದೂ ಬೇಡ. ನಿಮ್ಮ ಮಗಳಿಗೂ ಇನ್ನೊಂದೆರಡು ವರ್ಷದಲ್ಲಿ ಮೈ ಬದಲಾಗುತ್ತದೆ, ಸೊಂಟ ಅಗಲ ಆಗುತ್ತದೆ, ತೂಕ ಏರುತ್ತದೆ. ಟೈಮ್ ಒಂದು ವರ್ಷ ನಿಂತಲ್ಲೇ ನಿಲ್ಲಬಹುದು, ಹಿಂದೆ ಹೋಗಲೂಬಹುದು. ಎಷ್ಟೋ ಒಳ್ಳೆಯ ಓಟಗಾರ್ತಿಯರು ಆ ವರ್ಷವೇ ಬಿಟ್ಟುಬಿಡುತ್ತಾರೆ, ಮನೆಯವರು "ಈಗ ಮೊದಲಿನ ಹಾಗೆ ಇಲ್ಲ" ಅಂದದ್ದಕ್ಕೆ. "ದಪ್ಪ ಆದೆ" ಅನ್ನುವ ಮಾತು ನಿಮ್ಮ ಮನೆಯಲ್ಲಿ ಯಾರ ಬಾಯಿಂದಲೂ ಬರಬಾರದು, ತಮಾಷೆಗೂ. ಮುಟ್ಟಾದ ದಿನಗಳಲ್ಲೂ ಅವಳಿಗೆ ಬೇಕು ಅನಿಸಿದರೆ ಓಡಬಹುದು, ಬೇಡ ಅನಿಸಿದರೆ ಬಿಡಬಹುದು. ಶುರುವಿನ ಒಂದೆರಡು ವರ್ಷ ತಿಂಗಳು ಹಿಂದೆ ಮುಂದೆ ಆಗುವುದು ಸಾಮಾನ್ಯ. ಮೂರು ತಿಂಗಳು ಬರದೇ ಹೋದರೆ ಮಾತ್ರ ವೈದ್ಯರ ಹತ್ತಿರ ಹೋಗಿ, ಓಡುವಷ್ಟು ಊಟ ಸಾಲುತ್ತಿಲ್ಲ ಅಂತಲೂ ಅದರ ಅರ್ಥ ಇರಬಹುದು.

ಊಟಕ್ಕೆ ವಿಶೇಷ ಏನೂ ಬೇಡ. ಡಬ್ಬಿಯ ಪ್ರೊಟೀನ್ ಪುಡಿಗೆ ದುಡ್ಡು ಹಾಕಬೇಡಿ. ಮೀನು ತಿನ್ನುವ ಮನೆಯಾದರೆ ಬಂಗಡೆ, ತಾರ್ಲೆ ಇವೆ. ತಿನ್ನದಿದ್ದರೆ ಬೇಳೆ, ಹೆಸರುಕಾಳು, ಮೊಸರು, ಶೇಂಗಾ. ಹರಿವೆ, ಬಸಳೆ ಜೊತೆಗೆ ಲಿಂಬು ಹಿಂಡಿದರೆ ಕಬ್ಬಿಣದ ಅಂಶ ಮೈಗೆ ಚೆನ್ನಾಗಿ ಹತ್ತುತ್ತದೆ. ಶಾಲೆಯಿಂದ ಬಂದ ಕೂಡಲೇ ಬಾಳೆಹಣ್ಣೋ ಮೊಸರವಲಕ್ಕಿಯೋ ತಿಂದು, ಒಂದು ಗಂಟೆ ಬಿಟ್ಟು ಓಡಲಿ. ಮಾರ್ಚ್‌ನಿಂದ ಮೇ ತನಕ ನಮ್ಮ ಕರಾವಳಿಯ ಸೆಕೆಯಲ್ಲಿ ಬೆವರು ಒಣಗುವುದೇ ಇಲ್ಲ, ಮೈ ತಣಿಯುವುದೂ ಇಲ್ಲ. ಆಗ ಆಟ ಅರ್ಧಕ್ಕೆ ಇಳಿಸಿ, ಮುರುಗಲು ಪಾನಕಕ್ಕೆ ಒಂದು ಚಿಟಿಕೆ ಉಪ್ಪು ಹಾಕಿ ಕೊಡಿ.

ಶೂ ವಿಷಯ. ಮರಳಿನಲ್ಲಿ ಬರಿಗಾಲೇ ಸಾಕು. ಮೈದಾನಕ್ಕೆ ಹಗುರವಾದ, ಬಗ್ಗಿಸಿದರೆ ಬಗ್ಗುವ, ಹೆಬ್ಬೆರಳ ಮುಂದೆ ಒಂದು ಬೆರಳಷ್ಟು ಜಾಗ ಇರುವ ಸಾಧಾರಣ ಶೂ. ಮುಂದಿನ ವರ್ಷಕ್ಕೂ ಆಗಲಿ ಅಂತ ಎರಡು ಸೈಜ್ ದೊಡ್ಡದು ತರಬೇಡಿ. ಅಡಿಯಲ್ಲಿ ಮೊಳೆ ಇರುವ ಸ್ಪೈಕ್ಸ್ ಶೂ ಈಗ ಬೇಡವೇ ಬೇಡ, ಹಿಮ್ಮಡಿ ನೋಯುವ ಮಗುವಿಗೆ ಅಂತೂ ಬೇಡ.

ಹಾಸ್ಟೆಲ್ ಬಗ್ಗೆ ಕೇಳಿದ್ದೀರಿ. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಕ್ರೀಡಾ ನಿಲಯಗಳಿಗೆ 8ನೇ ತರಗತಿಗೆ ಕಿರಿಯರ ವಿಭಾಗದಲ್ಲಿ, ಪಿಯುಸಿಗೆ ಹಿರಿಯರ ವಿಭಾಗದಲ್ಲಿ ಆಯ್ಕೆ ಮಾಡುತ್ತಾರೆ. ಅವಳು ಈಗ 6ನೇ ತರಗತಿ, ಅವಸರ ಏನೂ ಇಲ್ಲ. ಉಷಾ ಅವರು ಕಣ್ಣೂರಿನ ಕ್ರೀಡಾ ಶಾಲೆ ಸೇರಿದ್ದು 1976ರಲ್ಲಿ, 12ರ ವಯಸ್ಸಿನಲ್ಲಿ, ಹಾಗಾಗಿ ಹಾಸ್ಟೆಲ್ ಅಂದರೆ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಆದರೆ ನಮ್ಮ ಉತ್ತರ ಕನ್ನಡ ಜಿಲ್ಲೆಯದ್ದೇ ಒಂದು ಕತೆ ಇದೆ. 1980ರ ದಶಕದ ಕೊನೆಗೆ ಭಾರತೀಯ ಕ್ರೀಡಾ ಪ್ರಾಧಿಕಾರ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ, ಆಫ್ರಿಕಾ ಮೂಲದ ಸಿದ್ದಿ ಬುಡಕಟ್ಟಿನ ಮಕ್ಕಳನ್ನು ಅಥ್ಲೆಟಿಕ್ಸ್‌ಗೆ ಅಂತ ಆರಿಸಿ ಕರೆದುಕೊಂಡು ಹೋಯಿತು. ಅವರಲ್ಲಿ ಕೆಲವರು ರಾಷ್ಟ್ರ ಮಟ್ಟದಲ್ಲಿ ಪದಕ ತಂದರು. 1993ರಲ್ಲಿ ಯೋಜನೆ ನಿಂತಿತು, ಎಷ್ಟೋ ಮಕ್ಕಳು ಊರಿಗೆ ವಾಪಸ್ ಬಂದು ಕೂಲಿಗೆ ಹೋಗಬೇಕಾಯಿತು. ಯಾವ ಹಾಸ್ಟೆಲ್ ಆದರೂ ಸೇರಿಸುವ ಮೊದಲು ಮೂರು ವಿಷಯ ವಿಚಾರಿಸಿ. ಅಲ್ಲಿ ಹುಡುಗಿಯರಿಗೆ ಮಹಿಳಾ ಕೋಚ್ ಅಥವಾ ವಾರ್ಡನ್ ಇದ್ದಾರಾ, ಗಾಯ ಆಗಿ ಒಂದು ವರ್ಷ ಓಡಲಿಕ್ಕೆ ಆಗದಿದ್ದರೆ ಮಗುವನ್ನು ಏನು ಮಾಡುತ್ತಾರೆ, ಓದಿಗೆ ಎಷ್ಟು ಹೊತ್ತು ಸಿಗುತ್ತದೆ. ಅಲ್ಲಿರುವ ದೊಡ್ಡ ಹುಡುಗಿಯರ ಹತ್ತಿರ ನೀವೊಬ್ಬರೇ ಹೋಗಿ ಮಾತಾಡಿ, ಕಚೇರಿಯಲ್ಲಿ ಕೂತು ಕೇಳಿದರೆ ಇದು ಯಾವುದೂ ಗೊತ್ತಾಗುವುದಿಲ್ಲ. ಎಲ್ಲಕ್ಕಿಂತ ಮೊದಲು ಅವಳಿಗೇ ಹೋಗಬೇಕು ಅನಿಸಬೇಕು.

ನಿಮ್ಮ ಅತ್ತೆಯವರ ಮಾತಿಗೆ ಎದುರು ಮಾತಾಡಲಿಕ್ಕೆ ಹೋಗಬೇಡಿ. ಸಂಜೆ ಮುಕ್ಕಾಲು ಗಂಟೆ ಆಟದಿಂದ ಯಾರ ಓದೂ ಕೆಡುವುದಿಲ್ಲ, ಬೆಳಗಿನ ನಿದ್ದೆ ವಾಪಸ್ ಸಿಕ್ಕರೆ ಓದು ಇನ್ನೂ ಚೆನ್ನಾಗಿ ಆಗುತ್ತದೆ. ಒಂದು ಭಾನುವಾರ ಅವರನ್ನೂ ದಂಡೆಗೆ ಕರೆದುಕೊಂಡು ಹೋಗಿ ಸೀಟಿಯನ್ನು ಅವರ ಕೈಗೇ ಕೊಡಿ. ಮೊಮ್ಮಗಳು ಗೆಲ್ಲುವುದನ್ನು ಕಣ್ಣಾರೆ ನೋಡಿದ ಅಜ್ಜಿಯಂದಿರು ಪಕ್ಷ ಬದಲಾಯಿಸುವುದನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಮುಂದಿನ ಕ್ರೀಡಾಕೂಟಕ್ಕೆ ಇನ್ನೂ ಸಮಯ ಇದೆ. ಅಲ್ಲಿಯ ತನಕ ತಿಂಗಳಿಗೊಮ್ಮೆ ಅವಳ ವಾರಿಗೆಯ ನಾಲ್ಕೈದು ಹುಡುಗಿಯರನ್ನು ಸೇರಿಸಿ ಒಂದು ನಿಜವಾದ 600 ಮೀಟರ್ ಪಂದ್ಯ ಮಾಡಿಸಿ. ಶಾಲೆಯ ಮಕ್ಕಳು ವಲಯ ದಾಟಿದರೆ ತಾಲ್ಲೂಕು, ಆಮೇಲೆ ಜಿಲ್ಲೆ, ಆಮೇಲೆ ಬೆಳಗಾವಿ ವಿಭಾಗ. ಶಾಲೆಗಳ ಲೆಕ್ಕಕ್ಕೆ ನಮ್ಮ ಜಿಲ್ಲೆಯನ್ನು ಎರಡು ಶೈಕ್ಷಣಿಕ ಜಿಲ್ಲೆ ಮಾಡಿದ್ದಾರೆ, ಹಾಗಾಗಿ ಜಿಲ್ಲಾ ಮಟ್ಟದಲ್ಲಿ ಅವಳ ಜೊತೆ ಓಡುವವರು ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳದವರು. ಶಿರಸಿ ಕಡೆಯವರು ಸಿಗುವುದು ಅದರಾಚೆ. ಜೂನ್‌ನಲ್ಲಿ ಶಾಲೆ ಶುರುವಾದ ವಾರವೇ ಪಿ.ಟಿ. ಮಾಸ್ತರನ್ನು ಕಂಡು 600 ಮೀಟರ್‌ಗೆ ಹೆಸರು ಹೇಳಿಡಿ, ರಿಲೇ ತಂಡಕ್ಕೂ ಕೇಳಿ ನೋಡಿ. ಜನ್ಮ ಪ್ರಮಾಣಪತ್ರ ಮತ್ತು ಆಧಾರ್‌ನಲ್ಲಿ ಹೆಸರು, ತಾರೀಕು ಒಂದೇ ಇದೆಯಾ ಅಂತ ಈಗಲೇ ನೋಡಿಕೊಳ್ಳಿ, ತಪ್ಪಿದ್ದರೆ ಸರಿ ಮಾಡಿಸಲಿಕ್ಕೆ ಹಿಡಿಯುವ ಹೊತ್ತು 600 ಮೀಟರ್ ಓಡುವುದಕ್ಕಿಂತ ಬಹಳ ಜಾಸ್ತಿ.